ಘಟ್ಟ ಏರುವಾಗ ಕಂಪ್ರೆಷನ್ ಮಾಯವಾಗುವ ಹಳೆಯ ಬುಲೆಟ್: ಬೋರ್ ಹೋಗಿದೆಯೋ, ವಾಲ್ವ್ ಹೋಗಿದೆಯೋ?

ಕುಮಟೆಯ ಸವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯ 1984ರಲ್ಲಿ ಕೊಂಡ ಬುಲೆಟ್ 350 ಈಗ ನನ್ನ ಕೈಯಲ್ಲಿದೆ. ಬೀಡಿನ (ಎರಕದ ಕಬ್ಬಿಣದ) ಬೋರ್, ಅಂದರೆ ಪಿಸ್ಟನ್ ಓಡುವ ಸಿಲಿಂಡರ್, ಅದರ ಮೇಲೆ ಅಲ್ಯೂಮಿನಿಯಂ ಹೆಡ್, ಬಲಗಾಲಿನ ಗೇರ್, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹಾರಿಸುವ ಸಂಪರ್ಕ) ಇಗ್ನಿಷನ್, ಎಲ್ಲವೂ ಅಂದಿನದೇ. ವಾರಕ್ಕೊಮ್ಮೆ ಕುಮಟೆಯಿಂದ ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಹೋಗಿಬರುತ್ತೇನೆ.

ಎರಡು ತಿಂಗಳಿಂದ ಒಂದು ತೊಂದರೆ ಕಾಡುತ್ತಿದೆ. ಕತಗಾಲದವರೆಗೆ ಗಾಡಿ ಯಾವ ತಕರಾರೂ ಇಲ್ಲದೆ ಓಡುತ್ತದೆ. ಘಟ್ಟದ ಅರ್ಧ ಏರುವಷ್ಟರಲ್ಲಿ ಎಳೆತ ಕುಗ್ಗಿ, ಮೊದಲು ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ತಿರುವಿಗೆ ಈಗ ಎರಡಕ್ಕೆ ಇಳಿಸಬೇಕಾಗುತ್ತದೆ. ಮೇಲೆ ದೇವಿಮನೆ ದೇವಸ್ಥಾನದ ಹತ್ತಿರ ನಿಲ್ಲಿಸಿದರೆ ಐಡ್ಲಿಂಗ್ ಹಿಡಿಯದೆ ಇಂಜಿನ್ ತಾನಾಗಿ ಆರಿಹೋಗುತ್ತದೆ. ಆ ಹೊತ್ತಿಗೆ ಕಿಕ್ಕರ್ ಒತ್ತಿ ನೋಡಿದರೆ ಕಾಲಿಗೆ ಭಾರವೇ ತಾಗುವುದಿಲ್ಲ, ಅಂದರೆ ಕಂಪ್ರೆಷನ್ (ಪಿಸ್ಟನ್ ಒತ್ತುವ ಗಾಳಿಯ ಬಿಗಿತ) ಇಲ್ಲ. ಡಿಕಂಪ್ರೆಸರ್ (ಕಿಕ್ ಹಗುರಾಗಲು ಒಳಗಿನ ಒತ್ತಡ ಬಿಡುವ ಸಾಧನ) ಹಿಡಿದುಕೊಂಡು ಒತ್ತಿದ ಹಾಗೆ ಸುಮ್ಮನೆ ಕೆಳಗಿಳಿಯುತ್ತದೆ. ಅರ್ಧ ಗಂಟೆ ತಣಿದ ಮೇಲೆ ಭಾರ ಮರಳಿ ಬಂದು ಒಂದೆರಡು ಒದೆತಕ್ಕೆ ಚಾಲೂ ಆಗುತ್ತದೆ. ಸೈಲೆನ್ಸರ್ ಪೈಪಿನ ಬಾಗು ನೀಲಿಗೆ ತಿರುಗಿದೆ.

ಮಳೆಗಾಲ ಮುಗಿದ ಮೇಲೆ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೆ. ಟ್ಯಾಪೆಟ್ (ವಾಲ್ವ್ ತೆರೆಸುವ ಭಾಗ) ಸದ್ದು ಬಹಳವೆಂದು ಹೇಳಿದ್ದಕ್ಕೆ ಅವರು ಅದನ್ನು ಪೂರ್ತಿ ನಿಲ್ಲಿಸಿ ಕೊಟ್ಟರು, ನನಗೂ ಸಂತೋಷವಾಗಿತ್ತು. ಈಗ ಅದೇ ಗ್ಯಾರೇಜಿನವರು ಬೋರ್ ಸವೆದು ಹೋಗಿದೆ, ರೀಬೋರ್ ಮಾಡಿಸಿ (ಒಳಮೈ ಮತ್ತೆ ಕೊರೆಸಿ) ಪಿಸ್ಟನ್ ಹಾಕಬೇಕು ಎನ್ನುತ್ತಿದ್ದಾರೆ. ಖರ್ಚಿಗೆ ಹಿಂಜರಿಯುವುದಿಲ್ಲ, ಆದರೆ ಅಪ್ಪಯ್ಯ ಓಡಿಸಿದ ಇಂಜಿನನ್ನು ಕಾರಣ ತಿಳಿಯದೆ ಬಿಚ್ಚಿಸಲು ಮನಸ್ಸು ಒಪ್ಪುತ್ತಿಲ್ಲ. ಅನುಭವಸ್ಥರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಹಳೆ ಪಾನಾ, ಶಿರಸಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ದಯವಿಟ್ಟು ಈಗಲೇ ರೀಬೋರಿಗೆ ಒಪ್ಪಬೇಡಿ.

ನೀವು ಬರೆದುದರಲ್ಲಿ ಅತಿ ಮುಖ್ಯವಾದ ಮಾತು ಕಿಕ್ಕರಿನದು. ಬೋರ್ ಮತ್ತು ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಸವೆದಿದ್ದರೆ ಕಂಪ್ರೆಷನ್ ಬೆಳಿಗ್ಗೆ ತಣ್ಣಗಿದ್ದಾಗಲೂ ಕಡಿಮೆಯೇ ಇರುತ್ತದೆ, ಏರಿನಲ್ಲಿ ಆ್ಯಕ್ಸಿಲರೇಟರ್ ಕೊಟ್ಟಾಗ ನೀಲಿ ಹೊಗೆ ಬರುತ್ತದೆ, ಎಣ್ಣೆ ಇಳಿಯುತ್ತದೆ. ಇವು ಯಾವುವನ್ನೂ ನೀವು ಹೇಳಿಲ್ಲ. ತಣ್ಣಗಿದ್ದಾಗ ಸರಿಯಾಗಿದ್ದು, ಕಾದ ಮೇಲೆ ಹೋಗಿ, ತಣಿದ ಮೇಲೆ ಮರಳಿ ಬರುವ ಕಂಪ್ರೆಷನ್ ಎಂದರೆ ಬಿಸಿಗೆ ಯಾವುದೋ ಒಂದು ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಅದರಲ್ಲೂ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್.

ಅದರ ಕಷ್ಟವನ್ನು ಸ್ವಲ್ಪ ಯೋಚಿಸಿ. ಇನ್ಲೆಟ್ ವಾಲ್ವ್‌ಗೆ ಪ್ರತಿ ಸಲವೂ ತಣ್ಣನೆಯ ಗಾಳಿ, ಪೆಟ್ರೋಲ್ ಸೋಕಿ ಹೋಗುತ್ತವೆ. ಎಕ್ಸಾಸ್ಟ್ ವಾಲ್ವ್‌ಗೆ ಉರಿದುಳಿದ ಹೊಗೆಯ ಹೊರತು ಬೇರೇನೂ ತಾಗುವುದಿಲ್ಲ. ಭಾರ ಎಳೆಯುವಾಗ ಅದರ ತಲೆ ಸುಮಾರು 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಬಿಸಿಯ ಬಹುಪಾಲು ವಾಲ್ವ್ ಮುಚ್ಚಿಕೊಂಡು ಸೀಟಿಗೆ (ಅದು ಕೂರುವ ಉಂಗುರಕ್ಕೆ) ಅಂಟಿ ಕೂತ ಕ್ಷಣದಲ್ಲಿ ಮಾತ್ರ ಹೆಡ್‌ಗೆ ಇಳಿದುಹೋಗುತ್ತದೆ, ಉಳಿದದ್ದು ಅದರ ಕಾಂಡ ಜಾರುವ ಗೈಡಿನ ಮೂಲಕ. ಟ್ಯಾಪೆಟ್ ಬಿಗಿಯಾಗಿದ್ದರೆ, ಕಾದು ಉದ್ದವಾದ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ ಕೂದಲೆಳೆಯಷ್ಟು ಎತ್ತಿಕೊಂಡೇ ಇರುತ್ತದೆ. ಬಿಸಿ ಇಳಿಯುವ ದಾರಿ ಕಟ್ಟಿಹೋಯಿತು. ಮೇಲಿಂದ ಆ ಸಂದಿಯಲ್ಲೇ ಬೆಂಕಿ ನುಗ್ಗಿ ಅಂಚನ್ನು ಕೊರೆಯತೊಡಗುತ್ತದೆ. ಕುಮಟೆಯಿಂದ ಗೋಕರ್ಣಕ್ಕೆ ಹೋಗಿಬಂದರೆ ಇದು ಗೊತ್ತಾಗುವುದಿಲ್ಲ. ಘಟ್ಟದಲ್ಲಿ ನಿಧಾನ ವೇಗ, ಹೆಚ್ಚು ಭಾರ, ಕಡಿಮೆ ಗಾಳಿ ಮೂರೂ ಒಟ್ಟಿಗೆ ಬಂದಾಗ ಹೊರಬೀಳುತ್ತದೆ.

ಟ್ಯಾಪೆಟ್ ಸದ್ದು ಪೂರ್ತಿ ನಿಂತಿತು ಎಂದು ಸಂತೋಷಪಟ್ಟಿರಲ್ಲ, ನನಗೆ ಭಯ ಹುಟ್ಟಿಸಿದ್ದು ಆ ವಾಕ್ಯವೇ. ಈ ಇಂಜಿನಿನಲ್ಲಿ ಸಣ್ಣಗೆ ಟಿಕ್ ಟಿಕ್ ಎನ್ನುವ ಟ್ಯಾಪೆಟ್ ತೊಂದರೆ ಕೊಡುವುದಿಲ್ಲ. ಗಿರಾಕಿಗೆ ಸದ್ದು ಬೇಡವೆಂದು ಬಿಗಿ ಮಾಡಿದ ಟ್ಯಾಪೆಟ್ ವಾಲ್ವನ್ನು ಸುಡುತ್ತದೆ.

ಮೊದಲು ಮಾಡಬೇಕಾದದ್ದು ಇಷ್ಟು. ರಾತ್ರಿಯಿಡೀ ನಿಂತು ಪೂರ್ತಿ ತಣಿದ ಇಂಜಿನಿನ ಮೇಲೆ, ಬೆಳಿಗ್ಗೆ ಚಾಲೂ ಮಾಡುವ ಮೊದಲೇ, ಪ್ಲಗ್ ಬಿಚ್ಚಿ. ನಾಲ್ಕನೆಯ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸುತ್ತಾ ಪ್ಲಗ್ ತೂತಿನ ಮೇಲೆ ಬೆರಳಿಡಿ. ಬೆರಳನ್ನು ಗಾಳಿ ನೂಕಿತೆಂದರೆ ಅದು ಕಂಪ್ರೆಷನ್ ಸ್ಟ್ರೋಕ್. ಪಿಸ್ಟನ್ ಮೇಲ್ತುದಿಗೆ ಬರುವಲ್ಲಿ ನಿಲ್ಲಿಸಿ. ಬಲಬದಿಯ ಟ್ಯಾಪೆಟ್ ಮುಚ್ಚಳ ತೆಗೆದು, ವಾಲ್ವ್ ತೆರೆಸುವ ಸರಳುಗಳಾದ ಎರಡೂ ಪುಶ್‌ರಾಡ್‌ಗಳನ್ನು ಒಂದೊಂದಾಗಿ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಬಾರದು. ಕಂಡದ್ದನ್ನು ಬರೆಯಿರಿ, ಏನನ್ನೂ ಇನ್ನೂ ಬದಲಿಸಬೇಡಿ.

ಅರಬೈಲ್ ದಾರಿ, ಅಂಕೋಲಾ

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ವಾಲ್ವ್ ಸುಡುವ ಬಿಸಿ ಬಂದದ್ದೆಲ್ಲಿಂದ ಎಂಬುದನ್ನೂ ಕೇಳಬೇಕು. ನನ್ನ ಬುಲೆಟ್ ಅರಬೈಲ್ ಘಟ್ಟದಲ್ಲಿ ಇದೇ ರೀತಿ ಸೊರಗುತ್ತಿತ್ತು, ನನ್ನಲ್ಲಿ ಟ್ಯಾಪೆಟ್ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಗಾಳಿ, ಪೆಟ್ರೋಲಿನ ಮಿಶ್ರಣದಲ್ಲಿ.

2023ರಿಂದ ಬಂಕುಗಳಿಗೆ 20 ಶೇಕಡಾ ಇಥನಾಲ್ ಬೆರೆತ ಪೆಟ್ರೋಲ್ ಬರತೊಡಗಿತು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಕಿಲೋ ಸಾಕು. ಹೊಸ ಗಾಡಿಗಳಲ್ಲಿ ಸೆನ್ಸರ್ ಅದನ್ನು ತಿಳಿದು ಹೆಚ್ಚು ಇಂಧನ ಬಿಡುತ್ತದೆ. ನಮ್ಮ ಕಾರ್ಬೊರೇಟರಿನ ಜೆಟ್ ಹಿತ್ತಾಳೆಯಲ್ಲಿ ಕೊರೆದ ತೂತು ಮಾತ್ರ. ಅದಕ್ಕೆ ಏನೂ ತಿಳಿಯುವುದಿಲ್ಲ. ಹಾಗಾಗಿ ಮೊದಲೇ ಸ್ವಲ್ಪ ತೆಳುವಾಗಿದ್ದ (ಪೆಟ್ರೋಲ್ ಕಡಿಮೆಯಿದ್ದ) ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ, ಇಂಜಿನ್ ಕಾಯುತ್ತದೆ.

ಇದನ್ನು ದಾರಿಯಲ್ಲೇ ಪರೀಕ್ಷಿಸಬಹುದು. ಘಟ್ಟದಲ್ಲಿ ಎಳೆತ ಕುಗ್ಗತೊಡಗಿದಾಗ ಚೋಕ್ ಅರ್ಧ ಎಳೆಯಿರಿ. ಎಳೆತ ಕೂಡಲೇ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲವೆಂದೇ ಅರ್ಥ. ಮಂಕಾಗಿ ಹೊಗೆ ಬಂದರೆ ತೊಂದರೆ ಬೇರೆ ಕಡೆ ಇದೆ. ಹಾಗೆಯೇ ಏರಿನ ನಡುವೆ, ಹಿಂದೆ ಮುಂದೆ ವಾಹನವಿಲ್ಲದ ಅಗಲ ಜಾಗದಲ್ಲಿ, ಕ್ಲಚ್ ಹಿಡಿದು ಇಗ್ನಿಷನ್ ಆರಿಸಿ ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಮನೆಯಂಗಳದಲ್ಲಿ ಹತ್ತು ನಿಮಿಷ ಓಡಿಸಿ ತೆಗೆದ ಪ್ಲಗ್ ಘಟ್ಟದ ಕಥೆ ಹೇಳುವುದಿಲ್ಲ. ಪಿಂಗಾಣಿ ಕಂದು ಬಣ್ಣಕ್ಕಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳುವಾಗಿದೆ ಅಥವಾ ಟೈಮಿಂಗ್ (ಕಿಡಿ ಹಾರುವ ಗಳಿಗೆ) ತಪ್ಪಿದೆ.

ಹಳೆ ಪಾನಾ, ಶಿರಸಿ

ಅಂಕೋಲೆಯವರ ಚೋಕ್ ಪರೀಕ್ಷೆ ಒಳ್ಳೆಯದು, ನಾನೂ ಮಾಡಿಸುತ್ತೇನೆ. ಪೆಟ್ರೋಲಿನ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಥನಾಲಿನಿಂದ ಮಿಶ್ರಣ ತೆಳುವಾಗುವುದು ನಿಜ, ಆದರೆ ಜೆಟ್ ಬದಲಿಸುವ ಮೊದಲು ಕಾರ್ಬೊರೇಟರ್ ಮತ್ತು ಹೆಡ್ ನಡುವಿನ ಜೋಡಣೆಯನ್ನು ನೋಡಬೇಕು. ಅಲ್ಲಿನ ರಬ್ಬರ್ ವರ್ಷಗಟ್ಟಲೆ ಬಿಸಿಗೆ ಒಣಗಿ ಬಿರುಕು ಬಿಡುತ್ತದೆ, ಇಥನಾಲ್ ಹಳೆಯ ರಬ್ಬರನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಬಿರುಕಿನಿಂದ ಒಳಸೇರುವ ಗಾಳಿ ಜೆಟ್‌ನ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಹಾಗೇ ಬಿಟ್ಟು ದೊಡ್ಡ ಜೆಟ್ ಹಾಕಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರಿಸಿದಂತೆ.

ಇಂಜಿನ್ ಐಡ್ಲಿಂಗಿನಲ್ಲಿರುವಾಗ ಆ ಜೋಡಣೆಯ ಸುತ್ತ ಸಾಬೂನು ನೀರನ್ನು ಸಣ್ಣಗೆ ಚಿಮುಕಿಸಿ. ಇಂಜಿನಿನ ಓಟ ಒಮ್ಮೆಲೇ ಬದಲಾದರೆ ಗಾಳಿ ಅಲ್ಲೇ ಸೇರುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುವುದನ್ನು ನೋಡಿದ್ದೇನೆ. ಕಾದ ಇಂಜಿನಿನ ಮೇಲೆ ಆ ಕೆಲಸವನ್ನು ಯಾರೂ ಮಾಡಬಾರದು.

ಕುಮಟೆಯ ಸವಾರ

ಇಂದು ಬೆಳಿಗ್ಗೆ ಹೇಳಿದ ಹಾಗೆಯೇ ಮಾಡಿದೆ. ಒಂದು ಪುಶ್‌ರಾಡ್ ಬೆರಳಲ್ಲಿ ಸುಲಭವಾಗಿ ತಿರುಗಿತು. ಇನ್ನೊಂದು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಪಿಸ್ಟನ್ ಸರಿಯಾದ ಜಾಗದಲ್ಲಿಲ್ಲವೇನೋ ಎಂದು ಚಕ್ರವನ್ನು ಮತ್ತೆರಡು ಸುತ್ತು ತಿರುಗಿಸಿ ಮೊದಲಿನಿಂದ ನೋಡಿದೆ, ಫಲ ಅದೇ. ಯಾವುದು ಯಾವ ವಾಲ್ವಿನದು ಎಂದು ತಿಳಿಯಲು ಹೆಡ್ ಮೇಲಿನ ರಾಕರ್ (ವಾಲ್ವನ್ನು ಒತ್ತುವ ತೋಳು) ಮುಚ್ಚಳ ತೆಗೆದು, ಇನ್ನೊಬ್ಬರಿಂದ ಚಕ್ರ ತಿರುಗಿಸಿ ಗಮನಿಸಿದೆ. ಬಿಗಿಯಾಗಿದ್ದದ್ದು ಎಕ್ಸಾಸ್ಟ್. ತಣ್ಣಗಿದ್ದಾಗಲೇ ಹೀಗಿದ್ದರೆ ಘಟ್ಟದಲ್ಲಿ ಏನಾಗಿರಬಹುದು ಎಂದು ಯೋಚಿಸಿ ಬಹಳ ಬೇಸರವಾಯಿತು.

ಚೋಕ್ ಪರೀಕ್ಷೆಯನ್ನು ನಿನ್ನೆಯೇ ಮಾಡಿದ್ದೆ. ಎಳೆತ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಪ್ಲಗ್ ಬೆಳ್ಳಗಿದೆ. ನಿಲ್ಲಿಸಿದಲ್ಲಿ ಬದಿಯಲ್ಲೇ ತೊರೆ ಹರಿಯುತ್ತಿತ್ತು. ದಾರಿಹೋಕರೊಬ್ಬರು ಒಂದು ಬಾಟಲಿ ನೀರು ಹೊಯ್ದರೆ ಬೇಗ ತಣಿಯುತ್ತದೆ ಎಂದರು, ನಾನು ಹೊಯ್ಯಲಿಲ್ಲ. ಸರಿಯಾಗಿಯೇ ಮಾಡಿದೆನೇ?

ಹಳೆ ಪಾನಾ, ಶಿರಸಿ

ನೀರು ಹೊಯ್ಯದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಕಾದ ಬೀಡಿಗೆ ತಣ್ಣೀರು ಬಿದ್ದರೆ ಫಿನ್ (ಬಿಸಿ ಬಿಡುವ ರೆಕ್ಕೆ) ಸೀಳಬಹುದು, ಹೆಡ್ ಸೊಟ್ಟಗಾಗಬಹುದು. ನೆರಳಿನಲ್ಲಿ ಸುಮ್ಮನೆ ನಿಲ್ಲಿಸುವುದೇ ಮದ್ದು. ಇನ್ನೊಂದು ಮಾತು: ಫಿನ್ ಮೇಲೆ ಹನಿ ನೀರು ಬಿದ್ದು ಚುರ್ ಎಂದರೆ ಇಂಜಿನಿಗೆ ರೋಗ ಬಂದಿತು ಎಂದು ಅನೇಕರು ತಿಳಿಯುತ್ತಾರೆ. ನೀರು ಕುದಿಯುವುದು 100 ಡಿಗ್ರಿಗೆ. ಗಾಳಿಯಿಂದ ತಣಿಯುವ ಇಂಜಿನಿನ ಹೆಡ್ ಆರೋಗ್ಯವಾಗಿದ್ದಾಗಲೂ ಅದನ್ನು ದಾಟಿಯೇ ಇರುತ್ತದೆ. ಎಳೆತ ಕುಗ್ಗುವುದು, ಕೀ ಆಫ್ ಮಾಡಿದ ಮೇಲೂ ಇಂಜಿನ್ ಒಂದೆರಡು ಸುತ್ತು ಓಡುವುದು, ಏರಿನಲ್ಲಿ ಕಟಕಟ ಎಂದು ಬಡಿಯುವುದು, ಇವು ಅತಿಯಾದ ಬಿಸಿಯ ನಿಜವಾದ ಗುರುತುಗಳು.

ಈಗ ಟ್ಯಾಪೆಟ್ ಸರಿಪಡಿಸಿ. ಕೆಳಗಿನ ಟ್ಯಾಪೆಟ್ ಕಾಂಡವನ್ನು ಒಂದು ಪಾನಾದಿಂದ ಅಲುಗದಂತೆ ಹಿಡಿದು, ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ನಟ್ ಬಿಗಿಮಾಡುವಾಗ ಅಳತೆ ಬದಲಾಗುವುದರಿಂದ ಬಿಗಿಮಾಡಿದ ಮೇಲೆ ಮತ್ತೆ ಬೆರಳಲ್ಲಿ ತಿರುಗಿಸಿ ನೋಡಬೇಕು. ಮೂರು ನಾಲ್ಕು ಸಲ ಮಾಡಿದರೂ ಬೇಸರಿಸಬೇಡಿ. ಘಟ್ಟ ಹತ್ತುವ ಗಾಡಿಗಳಿಗೆ ನಾನು ಇನ್ಲೆಟನ್ನು ಅಲುಗಾಟವಿಲ್ಲದಂತೆ ಇಟ್ಟು, ಎಕ್ಸಾಸ್ಟನ್ನು ಮಾತ್ರ ಬೆರಳಿಗೆ ತಾಗಿಯೂ ತಾಗದಷ್ಟು ಸಡಿಲ ಬಿಡುತ್ತೇನೆ. ಸಣ್ಣ ಸದ್ದು ಬರುತ್ತದೆ, ಬರಲಿ.

ಇದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಭರವಸೆ ಕೊಡಲಾರೆ. ಎರಡು ತಿಂಗಳು ಬಿಗಿಯಾಗಿ ಓಡಿದ ವಾಲ್ವ್ ಸ್ವಲ್ಪವಾದರೂ ಸುಟ್ಟಿರುತ್ತದೆ.

ಕಾಳಿ ದಂಡೆ, ಕಾರವಾರ

ಪ್ಲಗ್ ಬೆಳ್ಳಗಿರುವುದು ಮತ್ತು ಪೈಪ್ ನೀಲಿಯಾಗಿರುವುದು ಎರಡೂ ಸೇರಿ ನನಗೆ ಟೈಮಿಂಗ್ ಮೇಲೆ ಅನುಮಾನ. ಕಿಡಿ ತಡವಾಗಿ ಹಾರಿದರೆ ಬೆಂಕಿ ಪಿಸ್ಟನನ್ನು ನೂಕುವ ಕೆಲಸ ಮುಗಿಸುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆದು, ಉರಿಯುತ್ತಿರುವ ಗಾಳಿಯೇ ಪೈಪಿಗೆ ಹೋಗುತ್ತದೆ. ಶಕ್ತಿ ಕಡಿಮೆ, ಬಿಸಿ ಜಾಸ್ತಿ. ಪೈಪ್ ನೀಲಿಯಾಗಲು ಇದೊಂದು ದೊಡ್ಡ ಕಾರಣ.

ಕರಾವಳಿಯ ಗಾಡಿಗಳಲ್ಲಿ ಇದಕ್ಕೊಂದು ನಿರ್ದಿಷ್ಟ ಜಾಗವಿದೆ. ಪಾಯಿಂಟ್ ಪ್ಲೇಟಿನ ಕೆಳಗೆ ಎರಡು ಪುಟ್ಟ ತೂಕದ ತುಂಡು, ಎರಡು ಸ್ಪ್ರಿಂಗ್ ಇರುವ ಆಟೋ ಅಡ್ವಾನ್ಸ್ ಇದೆಯಲ್ಲ, ಇಂಜಿನ್ ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತಗೊಳಿಸುವುದು ಅದರ ಕೆಲಸ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ಕಾಲವೆಲ್ಲ ಉಪ್ಪುಗಾಳಿ. ಆ ತೂಕಗಳ ಪಿನ್ನಿಗೆ ತುಕ್ಕು ಹಿಡಿದು ಅವು ಒಳಗೇ ಅಂಟಿಕೊಳ್ಳುತ್ತವೆ. ಆಗ ಚಾಲೂ ಆಗುವುದು ಸುಲಭ, ಐಡ್ಲಿಂಗ್ ಚೆನ್ನ, ಆದರೆ ವೇಗದಲ್ಲಿ ಕಿಡಿ ಸದಾ ತಡ. ಪರೀಕ್ಷೆ ಸರಳ: ಕ್ಯಾಮನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಅದು ಸ್ಪ್ರಿಂಗಿನ ಬಲಕ್ಕೆ ತಟಕ್ಕನೆ ಹಿಂದಕ್ಕೆ ಬರಬೇಕು. ನನ್ನ ಗಾಡಿಯಲ್ಲಿ ಅದು ಕಲ್ಲಿನ ಹಾಗೆ ಕೂತಿತ್ತು. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಪಿನ್ನಿಗೆ ತೆಳ್ಳಗೆ ಗ್ರೀಸ್ ಹಚ್ಚಿದ ಮೇಲೆ ಬೇರೆಯೇ ಗಾಡಿಯಾಯಿತು.

ಪಾಯಿಂಟ್ ಗ್ಯಾಪನ್ನೂ ಅಳೆಯಿರಿ, 0.35ರಿಂದ 0.40 ಮಿಲಿಮೀಟರ್ ಇರಬೇಕು. ಫೈಬರ್ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ ತಾನಾಗಿ ಹಿಂದೆ ಸರಿಯುತ್ತದೆ. ಅಡ್ವಾನ್ಸಿನ ತೂಕಗಳು ಒಳಗಿದ್ದಾಗ ಪಿಸ್ಟನ್ ಮೇಲ್ತುದಿಗೆ 0.8 ಮಿಲಿಮೀಟರ್ ಬಾಕಿ ಇರುವಲ್ಲಿ ಪಾಯಿಂಟ್ ತೆರೆಯಲು ಆರಂಭಿಸಬೇಕು. ತೆರೆಯುವ ಕ್ಷಣವನ್ನು ಹೆಡ್‌ಲೈಟಿನ ಹತ್ತಿರದ ಆ್ಯಮೀಟರೇ ತೋರಿಸುತ್ತದೆ: ಕೀ ಆನ್ ಇದ್ದಾಗ ಮೈನಸ್ ಕಡೆ ವಾಲಿದ ಮುಳ್ಳು ಪಾಯಿಂಟ್ ತೆರೆದೊಡನೆ ನಡುವಿಗೆ ಮರಳುತ್ತದೆ.

ಇಂಜಿನಿನ ಹೊರಗಿನ ಕಾರಣಗಳನ್ನೂ ಮರೆಯಬಾರದು. ನಮ್ಮ ಓಣಿಯ ಒಬ್ಬರು ಹೆಡ್ ಬಿಚ್ಚಿಸಿ, ಕಾರ್ಬೊರೇಟರ್ ಬದಲಿಸಿ ಸೋತ ಮೇಲೆ ಗೊತ್ತಾದದ್ದು ಹಿಂದಿನ ಬ್ರೇಕ್ ಹಿಡಿದುಕೊಂಡಿದೆ ಎಂದು. ಬ್ರೇಕಿನ ಕ್ಯಾಮ್ ಪಿನ್ನಿಗೆ ತುಕ್ಕು ಹಿಡಿದು ಶೂ ಹಿಂದಕ್ಕೆ ಬರುತ್ತಿರಲಿಲ್ಲ. ನಾಲ್ಕು ಕಿಲೋಮೀಟರ್ ಓಡಿಸಿ ಡ್ರಮ್ಮಿನ ಹತ್ತಿರ ಕೈ ಹಿಡಿದಿದ್ದರೆ ಅಂದೇ ತಿಳಿಯುತ್ತಿತ್ತು. ಹೆದ್ದಾರಿಯ ಕೆಂಪುಧೂಳು ಎಣ್ಣೆಯ ಜಿಡ್ಡಿಗೆ ಅಂಟಿ ಫಿನ್‌ಗಳ ಸಂದಿಯಲ್ಲಿ ಗಾರೆಯಂತೆ ಕೂತಿದ್ದರೂ, ಮಳೆಗಾಲಕ್ಕೆಂದು ಲೆಗ್ ಗಾರ್ಡಿಗೆ ಕಟ್ಟಿದ ರಬ್ಬರ್ ಹಾಳೆಯನ್ನು ಹಾಗೆಯೇ ಬಿಟ್ಟಿದ್ದರೂ ಗಾಳಿ ಬೋರಿಗೆ ತಾಗುವುದಿಲ್ಲ.

ಶರಾವತಿ ತೀರ, ಹೊನ್ನಾವರ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ, ನನ್ನ ಪ್ರಶ್ನೆಯೂ ಬಿಸಿಗೆ ಸಂಬಂಧಿಸಿದ್ದೇ. ಮಳೆಗಾಲ ಪೂರ್ತಿ ನಿಂತಿದ್ದ ಬುಲೆಟಿನ ಎಣ್ಣೆಯ ಕಡ್ಡಿ ತೆಗೆದು ನೋಡಿದರೆ ಒಣಗಿತ್ತು. ಒಂದು ಲೀಟರ್ ಹಾಕಿ ಚಾಲೂ ಮಾಡಿದೆ. ದಟ್ಟ ಹೊಗೆ ಬಂತು, ಬ್ರೀದರ್ (ಇಂಜಿನಿನ ಒಳಗಾಳಿ ಹೊರಬಿಡುವ) ಪೈಪಿನಿಂದ ಎಣ್ಣೆ ಉಗುಳಿತು, ಇಂಜಿನ್ ಭಾರವಾಗಿ ಓಡಿ ಬೇಗ ಕಾದಿತು. ರಿಂಗ್ ಹೋಯಿತೇ?

ಹಳೆ ಪಾನಾ, ಶಿರಸಿ

ಹೊನ್ನಾವರದವರೇ, ಇದರಿಂದ ರಿಂಗ್ ಹೋಗಿದೆ ಎನ್ನಲಾಗದು. ಈ ಇಂಜಿನಿನಲ್ಲಿ ಎಣ್ಣೆಯ ತೊಟ್ಟಿಯೂ ಕ್ರ್ಯಾಂಕ್ ಇರುವ ಕೋಣೆಯೂ ಬೇರೆ ಬೇರೆ. ತಿಂಗಳುಗಟ್ಟಲೆ ನಿಂತರೆ ತೊಟ್ಟಿಯ ಎಣ್ಣೆ ಪಂಪಿನ ಸಂದಿಯಿಂದ ಮೆಲ್ಲಗೆ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ. ಕಡ್ಡಿ ಒಣಗಿ ಕಂಡರೂ ಎಣ್ಣೆ ಒಳಗೇ ಇತ್ತು. ನೀವು ಅದರ ಮೇಲೆ ಇನ್ನೊಂದು ಲೀಟರ್ ಹೊಯ್ದಿರಿ. ಎಲ್ಲವನ್ನೂ ಕೆಳಗಿನ ಬೋಲ್ಟುಗಳಿಂದ ಇಳಿಸಿ, ಹೊಸ 20ಡಬ್ಲ್ಯು-50 ಎಣ್ಣೆಯನ್ನು ಅಳತೆಗೆ ಹಾಕಿ. ಮುಂದೆ ಬಹಳ ದಿನ ನಿಂತ ಗಾಡಿಯಲ್ಲಿ ಕೆಲವು ನಿಮಿಷ ಓಡಿಸಿ, ರಿಟರ್ನ್ ಪಂಪ್ ಎಣ್ಣೆಯನ್ನು ತೊಟ್ಟಿಗೆ ಮರಳಿಸಿದ ಮೇಲೆಯೇ ಕಡ್ಡಿ ನೋಡಿ.

ಎಣ್ಣೆಯ ಮಾತು ಬಂದದ್ದರಿಂದ ಕುಮಟೆಯವರಿಗೂ ಒಂದು ಕೆಲಸ. ಇಂಜಿನ್ ಓಡುತ್ತಿರುವಾಗ ಹೆಡ್ಡಿಗೆ ಹೋಗುವ ಸಣ್ಣ ಎಣ್ಣೆ ಪೈಪಿನ ಮೇಲಿನ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ. ಎಣ್ಣೆ ಜಿನುಗಬೇಕು. ಜಿನುಗದಿದ್ದರೆ ರಾಕರ್‌ಗಳು, ವಾಲ್ವಿನ ಕಾಂಡಗಳು ಒಣಗಿಯೇ ಓಡುತ್ತಿವೆ, ಬೇರೆಲ್ಲಕ್ಕಿಂತ ಮೊದಲು ಅದನ್ನು ಸರಿಪಡಿಸಬೇಕು.

ಕುಮಟೆಯ ಸವಾರ

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ರಾಕರ್ ಪೈಪಿನಲ್ಲಿ ಎಣ್ಣೆ ಚೆನ್ನಾಗಿ ಬರುತ್ತಿದೆ. ಆಟೋ ಅಡ್ವಾನ್ಸ್ ಕಾರವಾರದವರು ಹೇಳಿದಷ್ಟು ಕಲ್ಲಾಗಿರದಿದ್ದರೂ ಮಂಕಾಗಿತ್ತು; ತಿರುಗಿಸಿ ಬಿಟ್ಟರೆ ಅರ್ಧ ದಾರಿಗೆ ಬಂದು ನಿಲ್ಲುತ್ತಿತ್ತು. ತೊಳೆದು ಕೂರಿಸಿದೆ. ಕಾರ್ಬೊರೇಟರಿನ ರಬ್ಬರನ್ನು ಕೈಯಲ್ಲಿ ಹಿಡಿದು ಬಾಗಿಸಿದಾಗ, ಮೇಲಿಂದ ಕಾಣದಿದ್ದ ಬಿರುಕು ಕೆಳಮೈಯಲ್ಲಿ ಬಾಯಿ ತೆರೆಯಿತು, ಉಗುರು ಹೋಗುವಷ್ಟು. ಅದನ್ನೂ ಬದಲಿಸಿದೆ. ಟ್ಯಾಪೆಟ್ ಹೇಳಿದಂತೆ ಇಟ್ಟೆ. ಘಟ್ಟದಲ್ಲಿ ಬಹಳ ಸುಧಾರಣೆ ಕಂಡಿತು, ಮೇಲೆ ನಿಲ್ಲಿಸಿದರೆ ಇಂಜಿನ್ ಆರಲಿಲ್ಲ. ಆದರೆ ಎಳೆತ ಮೊದಲಿನಂತಿಲ್ಲ, ತಣ್ಣಗಿದ್ದಾಗಲೂ ಕಿಕ್ಕರಿನ ಭಾರ ಮುಂಚಿಗಿಂತ ಕಡಿಮೆ ಎನ್ನಿಸುತ್ತದೆ. ಸೈಲೆನ್ಸರಿನಲ್ಲಿ ಆಗಾಗ ಪಟ್ ಎಂದು ಸಿಡಿಯುತ್ತದೆ.

ಹಳೆ ಪಾನಾ, ಶಿರಸಿ

ಇನ್ನು ಅನುಮಾನ ಪರಿಹರಿಸಿಕೊಳ್ಳಲು ಎರಡು ಪರೀಕ್ಷೆ ಉಳಿದಿವೆ, ಎರಡಕ್ಕೂ ಹೆಡ್ ಬಿಚ್ಚಬೇಕಾಗಿಲ್ಲ. ಕಂಪ್ರೆಷನ್ ಗೇಜ್ ಸಿಕ್ಕಿದರೆ, ಆ್ಯಕ್ಸಿಲರೇಟರ್ ಪೂರ್ತಿ ತೆರೆದು ಐದಾರು ಸಲ ಕಿಕ್ ಮಾಡಿ ಒಮ್ಮೆ ಅಳೆಯಿರಿ. ಮತ್ತೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಅಳೆಯಿರಿ. ಎಣ್ಣೆ ರಿಂಗಿನ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ವಾಲ್ವನ್ನು ಮುಚ್ಚಲಾರದು. ಮುಳ್ಳು ಚೆನ್ನಾಗಿ ಮೇಲೇರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಎರಡನೆಯದು ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಮಾಡುವುದು. ಹಳೆಯ ಪ್ಲಗ್ಗಿನ ಒಳಗನ್ನು ತೆಗೆದು ಟ್ಯೂಬಿನ ವಾಲ್ವ್ ಬೆಸೆಸಿಕೊಳ್ಳಿ. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ಮೇಲ್ತುದಿಯಲ್ಲಿರಬೇಕು, ಗಾಡಿ ನಾಲ್ಕನೆಯ ಗೇರಿನಲ್ಲಿದ್ದು ಒಬ್ಬರು ಹಿಂದಿನ ಬ್ರೇಕನ್ನು ಬಲವಾಗಿ ಒತ್ತಿರಬೇಕು. ಇಲ್ಲದಿದ್ದರೆ ಗಾಳಿ ಪಿಸ್ಟನನ್ನು ಕೆಳಗೆ ನೂಕುತ್ತದೆ. ಕಿಕ್ಕರಿನ ಹತ್ತಿರ ಯಾರ ಕಾಲೂ ಇರಬಾರದು. ಗಾಳಿ ಬಿಟ್ಟು ಕಿವಿಗೊಟ್ಟು ಕೇಳಿ. ಸುಸ್ಸೆನ್ನುವ ಸದ್ದು ಕಾರ್ಬೊರೇಟರಿನಲ್ಲಿ ಕೇಳಿದರೆ ಇನ್ಲೆಟ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್, ಬ್ರೀದರಿನಲ್ಲಿ ಕೇಳಿದರೆ ರಿಂಗ್. ಹೆಡ್ ಮತ್ತು ಬೋರಿನ ಸೇರುವೆಗೆ ಸಾಬೂನು ನೀರು ಹಚ್ಚಿದಾಗ ಗುಳ್ಳೆ ಬಂದರೆ ಗ್ಯಾಸ್ಕೆಟ್.

ಒಂದು ಎಚ್ಚರಿಕೆ. ಡಿಕಂಪ್ರೆಸರ್ ಕೂಡ ಒಂದು ವಾಲ್ವೇ. ಅದರ ಕೇಬಲ್ ಬಿಗಿಯಾಗಿದ್ದರೆ ಅಥವಾ ಕರಿ ಸಿಕ್ಕಿದ್ದರೆ ಅದೇ ಸೋರುತ್ತಿರುತ್ತದೆ, ನಾವು ಎಕ್ಸಾಸ್ಟ್ ವಾಲ್ವಿನ ಮೇಲೆ ಅಪವಾದ ಹೊರಿಸುತ್ತೇವೆ. ಮೊದಲು ಕೇಬಲ್ ಕಳಚಿ, ಅದನ್ನು ಎರಡು ಮೂರು ಸಲ ಒತ್ತಿ ಬಿಟ್ಟು, ಪೂರ್ತಿ ಮುಚ್ಚಿಕೊಂಡಿತೆಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಕುಮಟೆಯ ಸವಾರ

ಎರಡೂ ಪರೀಕ್ಷೆ ಮುಗಿದವು. ಎಣ್ಣೆ ಬಿಡುವ ಮೊದಲು ಗೇಜ್ 70 ಪಿ.ಎಸ್.ಐ. ತೋರಿಸಿತು, ಬಿಟ್ಟ ಮೇಲೆ 74. ಕಂಪ್ರೆಸರ್ ಜೋಡಿಸಿದಾಗ ಕಿವಿಗೊಡುವ ಅಗತ್ಯವೇ ಬರಲಿಲ್ಲ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದರೆ ಗಾಳಿ ತಾಗುತ್ತಿತ್ತು. ಡಿಕಂಪ್ರೆಸರ್ ಸರಿಯಾಗಿಯೇ ಇದೆ. ಬ್ರೀದರಿನಲ್ಲಿ ಬಹಳ ಸಣ್ಣ ಸದ್ದು.

ಆಮೇಲೆ ಧೈರ್ಯವಾಗಿ ಹೆಡ್ ಬಿಚ್ಚಿಸಿದೆ, ನಾನೂ ಪಕ್ಕದಲ್ಲೇ ಕೂತಿದ್ದೆ. ಎಕ್ಸಾಸ್ಟ್ ವಾಲ್ವ್ ಹೊರಬಂದಾಗ ಅದರ ಅಂಚಿನ ಸುತ್ತಲೂ ಬೂದಿ ಬಣ್ಣದ ಸಣ್ಣ ಗುಳಿಗಳಿದ್ದವು. ಒಂದು ಕಡೆ, ಗಡಿಯಾರದ ಎರಡು ನಿಮಿಷದಷ್ಟು ಅಗಲಕ್ಕೆ, ಇಲಿ ಕಡಿದ ಹಾಗೆ ಲೋಹವೇ ಇರಲಿಲ್ಲ. ಬೆರಳ ತುದಿಯಿಂದ ಅಂಚನ್ನು ಸವರಿದರೆ ಅಲ್ಲಿ ಚರ್ಮ ಸಿಕ್ಕಿಕೊಳ್ಳುತ್ತಿತ್ತು. ಹೆಡ್ಡಿನ ಸೀಟಿನಲ್ಲೂ ಅದೇ ಜಾಗಕ್ಕೆ ಎದುರಾಗಿ ಕಪ್ಪು ಗೆರೆ. ಇನ್ಲೆಟ್ ವಾಲ್ವ್ ಹೊಳೆಯುತ್ತಿತ್ತು. ಬೋರನ್ನು ಅಳತೆ ಮಾಡಿಸಿದೆ. ರೀಬೋರ್ ಬೇಡ, ಇನ್ನೂ ಬಹಳ ದೂರ ಓಡುತ್ತದೆ ಎಂದರು.

ಈ ವಾಲ್ವನ್ನೇ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಬಹುದೇ?

ಹಳೆ ಪಾನಾ, ಶಿರಸಿ

ಕೂಡದು. ಉಜ್ಜುವುದು ಮೇಲ್ಮೈಯ ಮಂಕು ತೆಗೆಯಲು ಮಾತ್ರ. ಕಡಿದುಹೋದ ಜಾಗ ತುಂಬುವಷ್ಟು ಉಜ್ಜಿದರೆ ವಾಲ್ವಿನ ಅಂಚು ಚಾಕುವಿನಂತೆ ತೆಳ್ಳಗಾಗುತ್ತದೆ. ತೆಳ್ಳನೆಯ ಅಂಚು ಕೆಂಪಗೆ ಕಾದು, ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಹೊಸ ವಾಲ್ವ್ ಹಾಕಿಸಿ. ಗೈಡಿನಲ್ಲಿ ಹೊಸ ವಾಲ್ವನ್ನು ಇಳಿಬಿಟ್ಟು ಅಡ್ಡಡ್ಡ ಅಲುಗಿಸಿ ನೋಡಿ. ಸಡಿಲವಿದ್ದರೆ ಗೈಡನ್ನು ಮೊದಲು ಬದಲಿಸಬೇಕು, ಸೀಟ್ ಕತ್ತರಿಸುವುದು ಆಮೇಲೆ, ಏಕೆಂದರೆ ಕಟ್ಟರ್ ನಿಲ್ಲುವುದು ಗೈಡಿನ ಆಧಾರದಲ್ಲಿ. ಸೀಟ್ 45 ಡಿಗ್ರಿ ಕೋನಕ್ಕೆ ಕತ್ತರಿಸಿ, ಸುಮಾರು ಒಂದೂವರೆ ಮಿಲಿಮೀಟರ್ ಅಗಲ ಬಿಡಬೇಕು. ತೀರ ಕಿರಿದಾದರೆ ಬಿಸಿ ಇಳಿಯುವುದಿಲ್ಲ, ತೀರ ಅಗಲವಾದರೆ ಕರಿ ಸಿಕ್ಕಿ ಸೋರುತ್ತದೆ. ಆಮೇಲೆ ಸಣ್ಣ ಪೇಸ್ಟಿನಲ್ಲಿ ಹಗುರವಾಗಿ ಉಜ್ಜಿ, ಪೇಸ್ಟನ್ನು ಒಂದು ಕಣವೂ ಉಳಿಯದಂತೆ ತೊಳೆದು, ಸ್ಪ್ರಿಂಗ್ ಕೂರಿಸಿ, ಪೋರ್ಟಿಗೆ (ವಾಲ್ವಿನ ಹಿಂದಿನ ದಾರಿಗೆ) ಸೀಮೆಎಣ್ಣೆ ಹೊಯ್ದು ಹತ್ತು ನಿಮಿಷ ಬಿಡಿ. ವಾಲ್ವಿನ ಅಂಚಿನಲ್ಲಿ ಒದ್ದೆಯೂ ಕಾಣಬಾರದು.

ಹೆಡ್ ನಟ್‌ಗಳನ್ನು ಒಂದೇ ಸಲ ಪೂರ್ತಿ ಬಿಗಿಮಾಡದೆ ಎದುರುಬದುರಾಗಿ, ಹಂತಹಂತವಾಗಿ ಬಿಗಿಮಾಡಬೇಕು. 300 ಕಿಲೋಮೀಟರ್ ಓಡಿದ ಮೇಲೆ ತಣ್ಣಗಿದ್ದಾಗ ಮತ್ತೊಮ್ಮೆ ನಟ್ ನೋಡಿ, ಟ್ಯಾಪೆಟ್ ನೋಡಿ. ಮುಂದಿನ ತಿಂಗಳುಗಳಲ್ಲಿ ಎಕ್ಸಾಸ್ಟ್ ಟ್ಯಾಪೆಟ್ ತಾನಾಗಿ ಪದೇ ಪದೇ ಬಿಗಿಯಾಗುತ್ತಿದ್ದರೆ ಸೀಟ್ ಕುಸಿಯುತ್ತಿದೆ ಎಂದು ತಿಳಿಯಬೇಕು. ಸವೆತದಿಂದ ಟ್ಯಾಪೆಟ್ ಸಡಿಲವಾಗುವುದು ಸಹಜ; ಬಿಗಿಯಾಗುತ್ತ ಹೋಗುವುದು ಸಹಜವಲ್ಲ. ಅದಕ್ಕಾಗಿ ಪ್ರತಿ ಸಲ ಎಷ್ಟು ತಿರುಗಿಸಿದಿರಿ ಎಂದು ಒಂದು ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್ ಸಹಿತ ಬರೆದಿಡಿ.

ಅರಬೈಲ್ ದಾರಿ, ಅಂಕೋಲಾ

ಹೊಸ ರಬ್ಬರ್ ಹಾಕಿದ ಮೇಲೂ ಘಟ್ಟದಲ್ಲಿ ತೆಗೆದ ಪ್ಲಗ್ ಬೆಳ್ಳಗೇ ಇದ್ದರೆ, ಜೆಟ್ ಮುಟ್ಟುವ ಮೊದಲು ಕಾರ್ಬೊರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಹಾಕಿ ನೋಡಿ. ಸೂಜಿ ಮೇಲೇರಿ ನಡುವಿನ ಆ್ಯಕ್ಸಿಲರೇಟರಿನಲ್ಲಿ ಪೆಟ್ರೋಲ್ ಹೆಚ್ಚುತ್ತದೆ, ಘಟ್ಟದಲ್ಲಿ ನಾವು ಹೆಚ್ಚಾಗಿ ಇರುವುದು ಅಲ್ಲಿಯೇ. ನನ್ನ ಗಾಡಿಗೆ ಅಷ್ಟೇ ಸಾಕಾಯಿತು. ರಬ್ಬರಿನ ವಿಷಯದಲ್ಲಿ ಹಿರಿಯರ ಮಾತೇ ಸರಿಯಿತ್ತು ಎಂದು ಒಪ್ಪುತ್ತೇನೆ.

ಕುಮಟೆಯ ಸವಾರ

ಹೆಡ್ ಕೂರಿಸಿ ಇಂದಿಗೆ 340 ಕಿಲೋಮೀಟರ್ ಆಯಿತು. ವಾಲ್ವ್ ಮತ್ತು ಗೈಡ್ ಹೊಸದು, ಸೀಟ್ ಹುಬ್ಬಳ್ಳಿಯಲ್ಲಿ ಕತ್ತರಿಸಿ ತಂದದ್ದು. ಸೀಮೆಎಣ್ಣೆ ಹೊಯ್ದು ಹತ್ತು ನಿಮಿಷವಲ್ಲ, ಊಟ ಮುಗಿಸಿ ಬಂದು ನೋಡಿದೆ, ಅಂಚು ಒಣಗಿಯೇ ಇತ್ತು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿದ್ದೇನೆ. ರಾಗಿಹೊಸಳ್ಳಿಯಲ್ಲಿ ನಿಲ್ಲಿಸಿ ತೆಗೆದ ಪ್ಲಗ್ ತಿಳಿ ಕಂದು ಬಣ್ಣಕ್ಕಿತ್ತು.

ನಿನ್ನೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೇವಿಮನೆ ಏರಿದೆ. ಎರಡಕ್ಕೆ ಇಳಿಸುತ್ತಿದ್ದ ಆ ತಿರುವನ್ನು ಮೂರನೆಯ ಗೇರಿನಲ್ಲೇ ದಾಟಿತು. ಮೇಲೆ ನಿಲ್ಲಿಸಿ ಇಂಜಿನ್ ಆರಿಸಿ, ಬಿಸಿಯಿರುವಾಗಲೇ ಕಿಕ್ಕರ್ ಒತ್ತಿ ನೋಡಿದೆ. ನನ್ನ ಇಡೀ ಭಾರ ಹಾಕಿದರೂ ಅರ್ಧದಲ್ಲಿ ತಡೆದು ನಿಂತಿತು. ಇಂದು ಬೆಳಿಗ್ಗೆ ಟ್ಯಾಪೆಟ್ ನೋಡಿದೆ. ಇನ್ಲೆಟ್ ಇಟ್ಟಲ್ಲೇ ಇದೆ. ಎಕ್ಸಾಸ್ಟ್ ತುಸು ಬಿಗಿಯಾಗಿತ್ತು, ಅಡ್ಜಸ್ಟರನ್ನು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಸಡಿಲಿಸಿ ಪುಸ್ತಕದಲ್ಲಿ ಬರೆದಿದ್ದೇನೆ. ಹೊಸ ವಾಲ್ವ್ ಸೀಟಿಗೆ ಹೊಂದಿಕೊಳ್ಳುವಾಗ ಇಷ್ಟು ಆಗುತ್ತದೆಯೇ?

ಹಳೆ ಪಾನಾ, ಶಿರಸಿ

ಮೊದಲ ಸಲ ಅಷ್ಟು ಆಗುತ್ತದೆ. ಇನ್ನು 500 ಕಿಲೋಮೀಟರಿಗೆ ಮತ್ತೆ ನೋಡಿ. ಆಗಲೂ ಬಿಗಿಯಾಗಿದ್ದರೆ ಬರೆಯಿರಿ, ಸೀಟಿನ ವಿಷಯ ಮಾತಾಡೋಣ.